ಸಿಂಹದ ಬಾಯಿ, ಹುಲಿಯ ದನಿ
(ಸಂಪಾದಕರ ಉತ್ತರ)

ಹಾವೇರಿ ಕಡೆಯ ನಿವೃತ್ತ ಗಣಿತ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮೊಮ್ಮಗನ ಹಟಕ್ಕೆ ಹುಬ್ಬಳ್ಳಿಗೆ ಬಂದು ಮಾಲಿನಲ್ಲಿ ಸಿನಿಮಾ ನೋಡಿದರಂತೆ. ಕತೆ ಶುರುವಾಗುವ ಮೊದಲು ಕಂಪನಿಗಳ ಲೋಗೋಗಳೇ ಒಂದರ ಹಿಂದೆ ಒಂದು ಬಂದವು. "ಸಿನಿಮಾ ಚಾಲೂ ಆತೇನಪಾ ಅಂತ ನಾನು ಕೇಳೂದು, ಇನ್ನೂ ಇಲ್ಲ ಅಜ್ಜಾ ಅಂತ ಅಂವ ಅನ್ನೂದು. ಇಷ್ಟರಾಗ ಪಾಪ್‌ಕಾರ್ನ್ ಅರ್ಧ ಖಾಲಿ" ಎಂದು ಬರೆದಿದ್ದಾರೆ. ಮನೆಗೆ ಬಂದ ಮೇಲೆ ಅಜ್ಜ–ಮೊಮ್ಮಗನ ನಡುವೆ ವಾದ. "ನಮ್ಮ ಕಾಲದಾಗ ಖರೇ ಸಿಂಹ ಬಂದು ಒದರಿ ಹೋಗ್ತಿತ್ತು" ಎಂದು ಅಜ್ಜ. "ಎಲ್ಲಾ ಕಂಪ್ಯೂಟರ್" ಎಂದು ಮೊಮ್ಮಗ. ಒಂದು ಪ್ಲೇಟ್ ಮಿರ್ಚಿ ಭಜಿ ಪಂಥ. ಸಿಂಹ ಖರೇವೋ ಸುಳ್ಳೋ, ಈ ಲೋಗೋಗಳು ಹುಟ್ಟಿದ್ದು ಯಾಕೆ, ಈಗ ಇಷ್ಟೊಂದು ಆದದ್ದು ಯಾಕೆ ಎಂದು ಕೇಳಿದ್ದಾರೆ.

ಗುರುಗಳೇ, ಮೊದಲು ಪಂಥ ಇತ್ಯರ್ಥ ಮಾಡಿಬಿಡೋಣ.

ನೀವು ಹೇಳುವ ಸಿಂಹ ಹಾಲಿವುಡ್ಡಿನ ಎಂಜಿಎಂ ಎಂಬ ಸಿನಿಮಾ ಕಂಪನಿಯದು, ಅದು ಖರೇ ಸಿಂಹವೇ. ಅದೂ ಒಂದಲ್ಲ, ಹಲವು. ಈ ಗುರುತು ಎಂಜಿಎಂ ಹುಟ್ಟುವುದಕ್ಕಿಂತ ಹಳೆಯದು. ಗೋಲ್ಡ್‌ವಿನ್ ಪಿಕ್ಚರ್ಸ್ ಎಂಬ ಕಂಪನಿಗಾಗಿ 1917ರ ಸುಮಾರಿಗೆ ಹೋವರ್ಡ್ ಡೀಟ್ಜ್ ಎಂಬ ಜಾಹೀರಾತಿನ ಹುಡುಗ ಒಂದು ಚಿಹ್ನೆ ಮಾಡಬೇಕಾಯಿತು. ತಾನು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದ ಆಟದ ತಂಡಗಳ ಸಿಂಹವನ್ನೇ ತಂದು ಕೂಡಿಸಿದ. 1924ರಲ್ಲಿ ಮೂರು ಕಂಪನಿಗಳು ಸೇರಿ ಎಂಜಿಎಂ ಆದಾಗ ಉಳಿದ ಆಸ್ತಿಯ ಜೊತೆ ಸಿಂಹವೂ ಬಂತು. ಆಗಿನ ಸಿಂಹದ ಹೆಸರು ಸ್ಲ್ಯಾಟ್ಸ್. ಅದು ಗರ್ಜಿಸುತ್ತಿರಲಿಲ್ಲ, ಅತ್ತ ಇತ್ತ ನೋಡಿ ಸುಮ್ಮನಾಗುತ್ತಿತ್ತು. ಮೂಕಿ ಚಿತ್ರದಲ್ಲಿ ಗರ್ಜಿಸಿ ಮಾಡುವುದಾದರೂ ಏನು?

1928ರಲ್ಲಿ ಕಂಪನಿ ಸದ್ದಿನ ಚಿತ್ರಕ್ಕೆ ಕೈಹಾಕಿದಾಗ ಸ್ಲ್ಯಾಟ್ಸ್‌ನ ಜಾಗಕ್ಕೆ ಜಾಕಿ ಎಂಬ ಸಿಂಹ ಬಂತು. ಗರ್ಜನೆಯನ್ನು ಧ್ವನಿಮುದ್ರಿಸಿದರು. ಥಿಯೇಟರಿನಲ್ಲಿ ಚಿತ್ರ ಓಡುವಾಗ ಪಕ್ಕದಲ್ಲಿ ಗ್ರಾಮಫೋನ್ ತಟ್ಟೆ ತಿರುಗಬೇಕು, ಸಿಂಹ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ತಟ್ಟೆಯಿಂದ ಸದ್ದು ಬರಬೇಕು. ಟೆಕ್ನಿಕಲರ್ ಎಂಬ ಬಣ್ಣದ ಪದ್ಧತಿ ಬಂದಾಗ ಟ್ಯಾನರ್ ಎಂಬ ಇನ್ನೊಂದು ಸಿಂಹ. 1957ರಲ್ಲಿ ಬಂದ ಲಿಯೋ ಇವೆಲ್ಲಕ್ಕಿಂತ ಚಿಕ್ಕ ಪ್ರಾಯದ್ದು, ಕೇಸರ ಇನ್ನೂ ಸೊಂಪಾಗಿ ಬೆಳೆದಿರಲಿಲ್ಲ. ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ನೋಡಿದ್ದು ಅದನ್ನೇ. ನೀವು ನೋಡಿದ್ದೂ ಬಹುಶಃ ಲಿಯೋನನ್ನೇ.

ಇಲ್ಲಿಯ ತನಕ ನೀವು ಗೆದ್ದಿರಿ. ಆದರೆ 1980ರ ದಶಕದ ಆರಂಭದಲ್ಲಿ ಮಾರ್ಕ್ ಮ್ಯಾಂಜಿನಿ ಎಂಬ ಧ್ವನಿ ವಿನ್ಯಾಸಕನಿಗೆ ಗರ್ಜನೆಯನ್ನು ಹೊಸದಾಗಿ ಮಾಡಿಕೊಡುವ ಕೆಲಸ ಬಂತು. ಸಿಂಹದ ನಿಜವಾದ ಸದ್ದು ತೆರೆಯ ಮೇಲಿನ ಆ ಮುಖಕ್ಕೆ ಸಾಲುವಷ್ಟು ಭಯಂಕರವಾಗಿಲ್ಲ ಎಂದು ಅವನಿಗೆ ಅನಿಸಿತು. ಹುಲಿಯ ಘರ್ಜನೆ ತಂದು ಸೇರಿಸಿದ. ಅಂದಿನಿಂದ ಬಾಯಿ ಸಿಂಹದ್ದು, ದನಿ ಹುಲಿಯದ್ದು. ಡಬ್ಬಿಂಗ್ ಬೇಕೋ ಬೇಡವೋ ಎಂದು ಕನ್ನಡದಲ್ಲಿ ನಾವು ದಶಕಗಟ್ಟಲೆ ಜಗಳಾಡಿದೆವು. ಅಲ್ಲಿ ಮೃಗರಾಜನಿಗೇ ಡಬ್ಬಿಂಗ್ ಆಯಿತು, ಯಾರೂ ಧರಣಿ ಕೂಡಲಿಲ್ಲ! ಇನ್ನು 2021ರಲ್ಲಿ ಕಂಪನಿ ಲಿಯೋನನ್ನು ಮಾದರಿ ಇಟ್ಟುಕೊಂಡು ಇಡೀ ಸಿಂಹವನ್ನೇ ಕಂಪ್ಯೂಟರಿನಲ್ಲಿ ಮಾಡಿಸಿತು. ಹೀಗಾಗಿ ನಿಮ್ಮ ಮೊಮ್ಮಗ ಹುಟ್ಟಿದ ಮೇಲಿನ ಸಿಂಹಕ್ಕೆ ಅವನ ಮಾತು ಖರೆ, ನಿಮ್ಮ ಕಾಲದ ಸಿಂಹಕ್ಕೆ ನಿಮ್ಮ ಮಾತು ಖರೆ. ಭಜಿ ಇಬ್ಬರೂ ಕೂಡಿ ತಿನ್ನಿ. ರೊಕ್ಕ ಮಾತ್ರ ಅಜ್ಜನೇ ಕೊಡಬೇಕಾದೀತು, ನಮ್ಮ ಕಡೆ ಪದ್ಧತಿ ಹಾಗೇ ಇದೆ.

ಈಗ ಲೋಗೋ ಯಾಕೆ ಹುಟ್ಟಿತು ಎಂಬ ಪ್ರಶ್ನೆ. ನೋಡುವವರಿಗೆ ಚಂದ ಕಾಣಲಿ ಎಂದು ಹುಟ್ಟಿತು ಅಂದುಕೊಂಡಿದ್ದರೆ ಅಲ್ಲ. ಕಳ್ಳರ ಕಾಟಕ್ಕೆ ಹುಟ್ಟಿತು.

1900ರ ಆಸುಪಾಸಿನಲ್ಲಿ ಸಿನಿಮಾವನ್ನು ಅಡಿ ಲೆಕ್ಕದಲ್ಲಿ ಮಾರುತ್ತಿದ್ದರು, ಅರಿವೆ ಅಂಗಡಿಯಲ್ಲಿ ಗಜ ಹಾಕಿ ಮಾರಿದ ಹಾಗೆ. ಬಾಡಿಗೆ ಪದ್ಧತಿ ಇನ್ನೂ ಬಂದಿರಲಿಲ್ಲ. ದುಡ್ಡು ಕೊಟ್ಟವನು ಪ್ರಿಂಟ್ ಒಯ್ಯುತ್ತಿದ್ದ. ಒಯ್ದವನು ಅದರಿಂದ ಇನ್ನೊಂದು ನೆಗೆಟಿವ್ ತೆಗೆದು ಹತ್ತು ಪ್ರಿಂಟ್ ಹಾಕಿ ತನ್ನದೇ ಎಂದು ಮಾರಿದರೆ ಹಿಡಿಯುವುದು ಕಷ್ಟ. ಅಮೆರಿಕದ ಕಾಪಿರೈಟ್ ಕಾಯ್ದೆಯಲ್ಲಿ ಚಲನಚಿತ್ರ ಎಂಬ ಪ್ರತ್ಯೇಕ ವರ್ಗ ಬಂದದ್ದೇ 1912ರಲ್ಲಿ. ಅಲ್ಲಿಯ ತನಕ ಅದನ್ನು ಫೋಟೋ ಎಂದು ನೋಂದಾಯಿಸಬೇಕಿತ್ತು. ಫ್ರಾನ್ಸಿನ ಜಾರ್ಜ್ ಮೆಲಿಯೆ 1902ರಲ್ಲಿ ಚಂದ್ರನ ಮೇಲೆ ಹೋಗುವ ಕತೆಯ ಚಿತ್ರ ಮಾಡಿದ. ಅದು ಅಮೆರಿಕದಲ್ಲಿ ಭರ್ಜರಿಯಾಗಿ ಓಡಿತು, ಆದರೆ ಕದ್ದ ಪ್ರಿಂಟುಗಳಲ್ಲಿ. ಎಡಿಸನ್ ಕಂಪನಿಯವರೇ ಕದ್ದವರ ಪೈಕಿ. ರೋಸಿಹೋದ ಮೆಲಿಯೆ ತಮ್ಮ ವ್ಯವಹಾರ ಕಾಯಲು ಅಣ್ಣ ಗ್ಯಾಸ್ಟನ್‌ನನ್ನು ನ್ಯೂಯಾರ್ಕಿಗೆ ಕಳಿಸಿದರು.

ಆಗ ಕಂಪನಿಗಳು ಕಂಡುಕೊಂಡ ಉಪಾಯ ಏನೆಂದರೆ, ಗುರುತನ್ನು ಚಿತ್ರದ ಒಳಗೇ ಇಟ್ಟುಬಿಡುವುದು. ಶುರುವಿನ ಫಲಕ ಕತ್ತರಿಸಿ ಎಸೆಯಬಹುದು, ನಟ ನಿಂತಿರುವ ಕೋಣೆಯ ಗೋಡೆಯನ್ನು ಕತ್ತರಿಸಲಾದೀತೆ? ಬಯೋಗ್ರಾಫ್ ಕಂಪನಿ ಎಬಿ ಎಂಬ ಅಕ್ಷರದ ಬಿಲ್ಲೆಯನ್ನು ಸೆಟ್ಟಿನ ಗೋಡೆಗೆ ಹೊಡೆಯುತ್ತಿತ್ತು. ಪಾಥೆ ಕಂಪನಿಯದು ಹುಂಜ. ಹಳೆಯ ಚಿತ್ರಗಳನ್ನು ಈಗ ನೋಡಿದರೆ ನಗು ಬರುತ್ತದೆ. ದುಃಖದ ದೃಶ್ಯ, ತಾಯಿ ಮಗುವನ್ನು ತಬ್ಬಿ ಅಳುತ್ತಿದ್ದಾಳೆ, ಹಿಂದೆ ಗೋಡೆಯ ಮೇಲೆ ಕಂಪನಿಯ ಮುದ್ರೆ. ಕಳ್ಳರೂ ಕಮ್ಮಿ ಇರಲಿಲ್ಲ. ಫಿಲಡೆಲ್ಫಿಯಾದ ಸೀಗ್ಮಂಡ್ ಲೂಬಿನ್ ಬಳಿ ದುಡಿದ ಫ್ರೆಡ್ ಬಾಲ್‌ಶೋಫರ್, ಮುದ್ರೆ ಕಾಣದಂತೆ ಅಳಿಸುವುದೇ ತನಗೆ ಹಚ್ಚಿದ ಕೆಲಸವಾಗಿತ್ತು ಎಂದು ಮುಂದೆ ನೆನಪಿಸಿಕೊಂಡಿದ್ದಾನೆ. ಬಾಡಿಗೆ ಪದ್ಧತಿ, ಕಾಯ್ದೆ ಎರಡೂ ಬಂದ ಮೇಲೆ ಮುದ್ರೆ ಗೋಡೆಯಿಂದ ಇಳಿದು ಚಿತ್ರದ ಬಾಗಿಲಿಗೆ ಬಂದು ನಿಂತಿತು. ಅದೇ ಲೋಗೋ.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಆ ಮೇಲಿನ ನೂರು ವರ್ಷದಲ್ಲಿ ಲೋಗೋ ಬದಲಾದಾಗಲೆಲ್ಲ ಹಿಂದೆ ಯಾವುದೋ ಒತ್ತಡ ಇದ್ದೇ ಇತ್ತು. ಸದ್ದು ಬಂತು, ಬದಲಾಯಿತು. ಪರದೆ ಅಗಲವಾಯಿತು, ಬದಲಾಯಿತು. ಹಣ ಹಾಕುವವರು ಹೆಚ್ಚಿದರು, ಬದಲಾಯಿತು. ಬರೀ ಚಂದಕ್ಕಾಗಿ ಬದಲಾದದ್ದು ನನಗೆ ಕಂಡ ಮಟ್ಟಿಗೆ ಬಹಳ ಕಮ್ಮಿ.

ಸದ್ದಿನ ಕಾಲದ ಲೋಗೋ ನೋಡಬೇಕೆಂದರೆ ಆರ್‌ಕೆಓ ಕಂಪನಿಯದನ್ನು ನೋಡಿ. ರೇಡಿಯೋ ಕಂಪನಿಯ ದುಡ್ಡಿನಿಂದ 1920ರ ದಶಕದ ಕೊನೆಗೆ ಎದ್ದ ಸ್ಟುಡಿಯೋ ಅದು. ಭೂಗೋಳದ ತಲೆಯ ಮೇಲೆ ಪ್ರಸಾರದ ಗೋಪುರ, ಅದರಿಂದ ಮೋರ್ಸ್ ಸಂಕೇತದ ಕುಟುಕುಟು ಸದ್ದು. ಯೂನಿವರ್ಸಲ್‌ನದೂ ಭೂಗೋಳವೇ, ಅದರ ಸುತ್ತ ಒಂದು ವಿಮಾನ ಸುತ್ತುತ್ತಿತ್ತು.

ಆದರೆ ನನಗೆ ಬಹಳ ಪ್ರೀತಿ ಇರುವುದು ಫಾಕ್ಸ್‌ನವರ ಲೋಗೋ ಮೇಲೆ. ಆ ಕಹಳೆ–ನಗಾರಿಯ ಸಂಗೀತವನ್ನು ಆಲ್‌ಫ್ರೆಡ್ ನ್ಯೂಮನ್ 1933ರಲ್ಲಿ ಟ್ವೆಂಟಿಯತ್ ಸೆಂಚುರಿ ಎಂಬ ಕಂಪನಿಗೆ ಮಾಡಿಕೊಟ್ಟರು. ಎರಡು ವರ್ಷದ ನಂತರ ಅದು ಫಾಕ್ಸ್ ಕಂಪನಿಯ ಜೊತೆ ಸೇರಿತು, ಹೆಸರು ಉದ್ದವಾಯಿತು, ಸಂಗೀತ ಹಾಗೇ ಉಳಿಯಿತು. ಕೋಟೆಯಷ್ಟು ಎತ್ತರದ ಅಕ್ಷರಗಳು, ಸುತ್ತ ತಿರುಗುವ ಸರ್ಚ್‌ಲೈಟುಗಳು. ನಿಜದಲ್ಲಿ ಕಟ್ಟಡವೂ ಇಲ್ಲ, ದೀಪವೂ ಇಲ್ಲ, ಎಮಿಲ್ ಕೋಸಾ ಎಂಬ ಚಿತ್ರಕಾರ ಗಾಜಿನ ಮೇಲೆ ಬಿಡಿಸಿದ್ದು.

1953ರಲ್ಲಿ ಇದೇ ಕಂಪನಿ ಸಿನಿಮಾಸ್ಕೋಪ್ ತಂದಿತು. ಮನೆಯಲ್ಲಿ ಟಿವಿ ಇಟ್ಟುಕೊಂಡು ಕೂತ ಅಮೆರಿಕದ ಜನರನ್ನು ಎಬ್ಬಿಸಿ ಥಿಯೇಟರಿಗೆ ತರಬೇಕಿತ್ತಲ್ಲ, ಅದಕ್ಕೆ ಅಗಲ ಪರದೆ. ಹಳೆಯ ಲೋಗೋ ಈ ಅಗಲಕ್ಕೆ ಒಗ್ಗಲಿಲ್ಲ. ಹೊಸದಾಗಿ ಬರೆಯುವ ಕೆಲಸ ರಾಕಿ ಲಾಂಗೋ ಎಂಬವರಿಗೆ ಬಂತು. ಅಗಲದಲ್ಲಿ ಅಕ್ಷರಗಳ ಅಳತೆ ಕೂಡಲಿ ಎಂದು ಅವರು ಕಂಪನಿಯ ಹೆಸರಿನಲ್ಲಿರುವ 20 ಎಂಬುದರ ಸೊನ್ನೆಯನ್ನು ಸ್ವಲ್ಪ ವಾಲಿಸಿದರು. ಗಣಿತದವರು ನೀವು, ಹಳೆಯ ಸ್ಕೋಪ್ ಚಿತ್ರ ಸಿಕ್ಕರೆ ನಿಲ್ಲಿಸಿ ನೋಡಿ: ಎರಡು ನೆಟ್ಟಗಿದೆ, ಸೊನ್ನೆ ಮಾತ್ರ ಕುಡಿದವನ ಹಾಗೆ ಒಂದು ಬದಿಗೆ ಒರಗಿದೆ. ಸುಮಾರು ಮೂವತ್ತು ವರ್ಷದ ನಂತರ ಅದನ್ನು ನೆಟ್ಟಗೆ ಮಾಡಿದವರೂ ಲಾಂಗೋ ಅವರೇ. ಸಂಗೀತವೂ ಸಿನಿಮಾಸ್ಕೋಪ್ ಬಂದ ಕಾಲಕ್ಕೇ ಉದ್ದವಾಯಿತು. ಸಿನಿಮಾಸ್ಕೋಪ್ ಹೆಸರನ್ನು ತೋರಿಸಲು ಇನ್ನಷ್ಟು ಸೆಕೆಂಡ್ ಬೇಕಾದ್ದರಿಂದ ನ್ಯೂಮನ್ ಕೊನೆಗೆ ಒಂದು ತುಂಡು ಜೋಡಿಸಿದರು. 1977ರಲ್ಲಿ ಜಾರ್ಜ್ ಲೂಕಸ್ ತಮ್ಮ ಬಾಹ್ಯಾಕಾಶದ ಚಿತ್ರಕ್ಕೆ ಈ ಉದ್ದನೆಯ ರೂಪವನ್ನೇ ಕೇಳಿ ಹಾಕಿಸಿಕೊಂಡರು. ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ತಮ್ಮ ಮೊದಲ ಸ್ವರವನ್ನು ಲೋಗೋದ ಶ್ರುತಿಗೇ ಹೊಂದಿಸಿದರು. ಕೇಳುವವರಿಗೆ ಲೋಗೋ ಎಲ್ಲಿ ಮುಗಿಯಿತು, ಚಿತ್ರ ಎಲ್ಲಿ ಶುರುವಾಯಿತು ಎಂಬ ಬೆಸುಗೆ ಸಿಕ್ಕುವುದಿಲ್ಲ.

ಇಂಗ್ಲೆಂಡಿನ ರ್‍ಯಾಂಕ್ ಕಂಪನಿಯ ಜಾಗಟೆಯವನೂ ನಿಮಗೆ ನೆನಪಿರಬಹುದು. ಕಟ್ಟುಮಸ್ತಾದ ಮೈ, ಎಣ್ಣೆ ಸವರಿದ ಹೊಳಪು, ಆಳೆತ್ತರದ ಜಾಗಟೆಗೆ ಎರಡು ಪೆಟ್ಟು. ಆ ಜಾಗಟೆ ಕಾಗದದ ಮುದ್ದೆಯಿಂದ ಮಾಡಿದ್ದು. ಜೋರಾಗಿ ಹೊಡೆದಿದ್ದರೆ ತೂತು ಬೀಳುತ್ತಿತ್ತು. ಸದ್ದನ್ನು ಜೇಮ್ಸ್ ಬ್ಲೇಡ್ಸ್ ಎಂಬ ತಾಳವಾದ್ಯಗಾರ ಬೇರೆ ಕಡೆ ನಿಜವಾದ ಕಂಚಿನ ವಾದ್ಯ ಬಾರಿಸಿ ಕೊಟ್ಟಿದ್ದರು. ಅಲ್ಲೂ ಸಿಂಹದ ಕತೆಯೇ.

ನಮ್ಮ ದೇಶದ ಲೋಗೋಗಳ ಮಾತಿಗೆ ಬಂದರೆ, ಇಲ್ಲಿ ಕಳ್ಳತನಕ್ಕಿಂತ ನಾಟಕದ ಪದ್ಧತಿ ಹೆಚ್ಚು ಕೆಲಸ ಮಾಡಿದೆ ಎಂದು ನನ್ನ ಅನಿಸಿಕೆ. ಗದಗಿನ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥ ಕಂಪನಿಗಳ ಆಟ ನೋಡಿದ ಹಿರಿಯರಿಗೆ ಗೊತ್ತು: ಮೂರನೇ ಬೆಲ್ ಆಗಬೇಕು, ನಾಂದಿ ಹಾಡಬೇಕು, ಆಮೇಲೆಯೇ ಕತೆ. ಸಿನಿಮಾದವರ ಪೈಕಿ ಅನೇಕರು ಅದೇ ರಂಗದಿಂದ ಬಂದವರು, ನಾಂದಿ ಬಿಟ್ಟು ಆಟ ಶುರು ಮಾಡುವುದು ಅವರಿಗೆ ಹೇಗೆ ಆಗಬೇಕು? 1956ರ ತನಕ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದದ್ದರಿಂದ ಈ ಭಾಗದ ಜನ ಮರಾಠಿ, ಹಿಂದಿ ಕಂಪನಿಗಳ ಲೋಗೋಗಳನ್ನು ನೋಡಿಯೇ ಬೆಳೆದವರು. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಹೋದ ಪ್ರಭಾತ್ ಕಂಪನಿಯದು ತುತ್ತೂರಿ ಊದುವ ಹೆಣ್ಣು. ಹೆಸರೇ ಪ್ರಭಾತ್, ಬೆಳಗಾಯಿತು ಏಳಿ ಎನ್ನುವ ಹಾಗೆ. ಆ ಸ್ಟುಡಿಯೋದ ಜಾಗದಲ್ಲೇ ಈಗ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಮದ್ರಾಸಿನ ಎಸ್. ಎಸ್. ವಾಸನ್ ಅವರ ಜೆಮಿನಿಯದು ಕಹಳೆ ಊದುವ ಅವಳಿ ಹುಡುಗರು, ಮಿಥುನ ರಾಶಿ.

ಮೆಹಬೂಬ್ ಖಾನ್ ಅವರದು ಎಲ್ಲಕ್ಕಿಂತ ವಿಚಿತ್ರ. ಕಾಣುವುದು ಸುತ್ತಿಗೆ–ಕುಡಗೋಲು, ಕೇಳುವುದು ಉರ್ದು ದ್ವಿಪದಿ: ವೈರಿ ಲಕ್ಷ ಕೇಡು ಬಯಸಿದರೂ ಆಗುವುದು ದೇವರು ಒಪ್ಪಿದ್ದೇ ಎಂದು ಅದರ ತಾತ್ಪರ್ಯ. ಕಮ್ಯುನಿಸ್ಟರ ಗುರುತಿನ ಕೆಳಗೆ ದೈವದ ಮೇಲೆ ಭಾರ! ಯಾರಿಗೂ ಇದು ವಿರೋಧಾಭಾಸ ಅನಿಸಲಿಲ್ಲ, ನಮ್ಮ ದೇಶದ ಮಟ್ಟಿಗೆ ಅದು ವಿರೋಧಾಭಾಸವೂ ಅಲ್ಲ. ರಾಜ್ ಕಪೂರ್ 1949ರ 'ಬರ್‌ಸಾತ್' ಗೆದ್ದ ಮೇಲೆ ಅದರ ಚಿತ್ರವನ್ನೇ ಲೋಗೋ ಮಾಡಿಕೊಂಡರು, ಒಂದು ಕೈಯಲ್ಲಿ ಪಿಟೀಲು, ಇನ್ನೊಂದು ತೋಳಿನಲ್ಲಿ ನರ್ಗಿಸ್. ಪರದೆಯ ಮೇಲೆ ಅದಕ್ಕೂ ಮೊದಲು ಅಪ್ಪ ಪೃಥ್ವಿರಾಜ್ ಕಪೂರ್ ಶಿವಲಿಂಗದ ಮುಂದೆ ಕೂತು ಮಾಡುವ ಪೂಜೆ. ಮುಂಬಯಿಯ ಚೆಂಬೂರಿನಲ್ಲಿದ್ದ ರಾಜ್ ಕಪೂರ್ ಅವರ ಸ್ಟುಡಿಯೋಕ್ಕೆ 2017ರಲ್ಲಿ ಬೆಂಕಿ ಬಿತ್ತು, 2019ರಲ್ಲಿ ಜಾಗ ಮಾರಾಟವಾಯಿತು, ಪಿಟೀಲಿನ ಚಿತ್ರ ಇನ್ನೂ ಜನರ ಕಣ್ಣಲ್ಲಿದೆ. ಕನ್ನಡದ ನಿರ್ಮಾಪಕರದು ಬಹುಪಾಲು ಮನೆದೇವರು, ಮಂಗಳಾರತಿ, ಗಂಟೆ, ಶಂಖ. ಕಲೆಯ ದೃಷ್ಟಿಯಿಂದ ಹೇಳಿಕೊಳ್ಳುವಂಥದ್ದು ಅವುಗಳಲ್ಲಿ ಕಮ್ಮಿ. ಆದರೆ ದೇವರ ಚಿತ್ರ ಬಂದ ಕೂಡಲೇ ಚಪ್ಪಲಿ ಬಿಟ್ಟು ಕೈಮುಗಿಯುವ ಪ್ರೇಕ್ಷಕರನ್ನು ನೋಡಿದವರು ಅದನ್ನು ಹಗುರವಾಗಿ ಮಾತಾಡಲಾರರು.

ಲೋಗೋದಿಂದ ಇನ್ನೊಂದು ಉಪಯೋಗ ಇತ್ತು, ಅದು ಗೊತ್ತಿದ್ದದ್ದು ಕ್ಯಾಬಿನ್ನಿನಲ್ಲಿ ಕೂತ ಆಪರೇಟರ್‌ಗಳಿಗೆ. ಮೊದಲ ರೀಲು ಹತ್ತಿಸಿದ ಕೂಡಲೇ ಫೋಕಸ್ ಸರಿ ಇದೆಯೋ, ಫ್ರೇಮು ಮೇಲೆ ಕೆಳಗೆ ಆಗಿದೆಯೋ, ಸದ್ದು ಎಷ್ಟು ಏರಿಸಬೇಕು ಎಂಬುದನ್ನೆಲ್ಲ ಅವರು ನೋಡಿಕೊಳ್ಳುತ್ತಿದ್ದದ್ದು ಲೋಗೋ ಮೇಲೆಯೇ. ಸ್ಕೋಪ್ ಚಿತ್ರಕ್ಕೆ ಲೆನ್ಸ್ ಬದಲಿಸುವುದು ಮರೆತಿದ್ದರೆ ಗುಂಡಗಿನ ಭೂಗೋಳ ಸೌತೆಕಾಯಿಯಾಗಿ ನಿಲ್ಲುತ್ತಿತ್ತು, ಕೆಳಗಿನಿಂದ "ಲೆನ್ಸ್ ಹಾಕೋ ಮಾರಾಯಾ" ಎಂಬ ಕೂಗು, ಸಿಳ್ಳೆ. ಕತೆ ಶುರುವಾಗುವಷ್ಟರಲ್ಲಿ ಎಲ್ಲ ಸರಿಹೋಗಬೇಕು. ಅಂದರೆ ಲೋಗೋದ ಹದಿನೈದು–ಇಪ್ಪತ್ತು ಸೆಕೆಂಡು ಅವರಿಗೆ ಸಿಕ್ಕ ಸಾವಕಾಶ.

ಪ್ರಿಂಟು ಊರೂರು ತಿರುಗಿದಂತೆ ಮೊದಲು ಸವೆಯುವುದೂ ಲೋಗೋವೇ. ರೀಲಿನ ತಲೆಯನ್ನು ಪ್ರತಿ ಆಟಕ್ಕೂ ಎಳೆದು ಮಷಿನ್ನಿಗೆ ಸಿಕ್ಕಿಸಬೇಕಲ್ಲ. ಹುಬ್ಬಳ್ಳಿಯಲ್ಲಿ ಓಡಿದ ಪ್ರಿಂಟು ಊರಿಂದೂರಿಗೆ ದಾಟಿ ಕೊನೆಗೆ ಜಾತ್ರೆಯ ಟೂರಿಂಗ್ ಟಾಕೀಸಿಗೆ ಬರುವ ಹೊತ್ತಿಗೆ ತಲೆಯ ಭಾಗ ಹರಿದು, ಕತ್ತರಿಸಿ, ಅಂಟಿಸಿ ಗಿಡ್ಡವಾಗಿರುತ್ತಿತ್ತು. ಹಾಗೆ ಅಂಟಿಸಿದ ಕಡೆ ಒಂದು ತಮಾಷೆ ಆಗುತ್ತಿತ್ತು. 35 ಎಂಎಂ ಫಿಲ್ಮಿನಲ್ಲಿ ಚಿತ್ರ ಮತ್ತು ಅದರ ಸದ್ದು ಅಕ್ಕಪಕ್ಕ ಇರುವುದಿಲ್ಲ. ಸದ್ದಿನ ಗೆರೆ ಸುಮಾರು 20 ಫ್ರೇಮ್ ಮುಂದೆ ಇರುತ್ತದೆ, ಯಾಕೆಂದರೆ ಮಷಿನ್ನಿನಲ್ಲಿ ಸದ್ದು ಓದುವ ಭಾಗ ಚಿತ್ರ ತೋರಿಸುವ ಭಾಗಕ್ಕಿಂತ ಕೆಳಗಿದೆ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚಿನ ಅಂತರ. ಅಂಟು ಬಂದಾಗ ಮೊದಲು ಚಿತ್ರ ಜಿಗಿಯುತ್ತದೆ, ಒಂದು ಗಳಿಗೆ ಬಿಟ್ಟು ಸದ್ದು ಬಿಕ್ಕುತ್ತದೆ. ಸಿಂಹ ಬಾಯಿ ಮುಚ್ಚಿದ ಮೇಲೆ ಗರ್ಜನೆ ತುಂಡಾಗಿ ಕೇಳಿದ್ದು ನಿಮಗೆ ನೆನಪಿದ್ದರೆ ಅದಕ್ಕೆ ಇದೇ ಕಾರಣ.

ಕಂಪ್ಯೂಟರ್ ಬಗ್ಗೆ ನಿಮ್ಮ ಮೊಮ್ಮಗನಿಗೆ ಒಂದೆರಡು ಮಾತು. ಫಾಕ್ಸ್‌ನ ಕೋಟೆ 1994ರಲ್ಲಿ ಕಂಪ್ಯೂಟರಿಗೆ ಬಂತು, ಆದರೆ ಮಾಡಿದ್ದು ಕೋಸಾ ಬಿಡಿಸಿದ ಅದೇ ಕೋಟೆ, ಅವೇ ಸರ್ಚ್‌ಲೈಟು. ಕೊಲಂಬಿಯಾ ಕಂಪನಿಯ ದೀಪ ಹಿಡಿದ ಹೆಂಗಸು ಈಗ ಕಾಣುವ ರೂಪಕ್ಕೆ ಬಂದದ್ದು 1992ರಲ್ಲಿ, ಮೈಕೆಲ್ ಡೀಸ್ ಬಿಡಿಸಿದ ತೈಲಚಿತ್ರದಿಂದ. ನ್ಯೂ ಆರ್ಲಿಯನ್ಸ್‌ನ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ತರುಣಿ ಊಟದ ಬಿಡುವಿನಲ್ಲಿ ಬಂದು, ಮೈಗೆ ಬಟ್ಟೆ ಸುತ್ತಿಕೊಂಡು ರೂಪದರ್ಶಿಯಾಗಿ ನಿಂತಿದ್ದಳು. ಡ್ರೀಮ್‌ವರ್ಕ್ಸ್ ಶುರುವಾದಾಗ ಚಂದ್ರನ ಮೇಲೆ ಕೂತು ಗಾಳ ಹಾಕುವ ಆಕೃತಿಯನ್ನು ಕಂಪ್ಯೂಟರಿನಲ್ಲೇ ಮಾಡಿಸಬೇಕೆಂದು ಸ್ಪೀಲ್‌ಬರ್ಗ್ ಯೋಚಿಸಿದ್ದರು. ಕಂಪ್ಯೂಟರ್ ಗ್ರಾಫಿಕ್ಸಿನಲ್ಲಿ ಅಗ್ರಗಣ್ಯರೆನಿಸಿದ ಡೆನಿಸ್ ಮ್ಯೂರೆನ್ ಅವರೇ ಬೇಡ, ಕುಂಚದಿಂದ ಬರೆಸಿ ಎಂದರು. ರಾಬರ್ಟ್ ಹಂಟ್ ಬರೆದರು, ತಮ್ಮ ಮಗನನ್ನೇ ಮಾದರಿಯಾಗಿ ಕೂಡಿಸಿಕೊಂಡು. ಚಂದಕ್ಕಾಗಿ ಕಷ್ಟಪಟ್ಟ ಕಮ್ಮಿ ಉದಾಹರಣೆಗಳಲ್ಲಿ ಇದೊಂದು. ಪಿಕ್ಸಾರ್‌ನ ಜಿಗಿಯುವ ಟೇಬಲ್ ಲ್ಯಾಂಪ್ ಮಾತ್ರ ಹುಟ್ಟಿನಿಂದಲೇ ಕಂಪ್ಯೂಟರಿನ ಕೂಸು, 1986ರ ಕಿರುಚಿತ್ರದಿಂದ ಬಂದದ್ದು.

ಇನ್ನು ನಿಮ್ಮ ಸಿಟ್ಟಿನ ಪ್ರಶ್ನೆ: ಈಗ ಇಷ್ಟೊಂದು ಯಾಕೆ? ಉತ್ತರ ಸರಳ, ಕರಾರು ಪತ್ರ. ಹಿಂದೆ ಒಬ್ಬ ನಿರ್ಮಾಪಕ ಸಾಲ ಸೋಲ ಮಾಡಿ ಚಿತ್ರ ತೆಗೆಯುತ್ತಿದ್ದ, ಫೈನಾನ್ಸ್ ಕೊಟ್ಟವನಿಗೆ ಬಡ್ಡಿ ಬಂದರೆ ಸಾಕಿತ್ತು, ಪರದೆಯ ಮೇಲೆ ಹೆಸರು ಬೇಡವೇ ಬೇಡ. ಈಗ ನಿರ್ಮಾಣದವರು ಒಬ್ಬರು, ಪಾಲು ಹಾಕಿದವರು ಇನ್ನೊಬ್ಬರು, ಅರ್ಪಿಸುವವರು ಮತ್ತೊಬ್ಬರು, ಹಾಡು ಕೊಂಡ ಆಡಿಯೋ ಕಂಪನಿ, ಒಂದೊಂದು ಭಾಷೆಗೆ ಒಬ್ಬೊಬ್ಬ ವಿತರಕ. ಯಾರ ಲೋಗೋ ಮೊದಲು, ಯಾರದು ನಂತರ ಎಂಬುದು ಚೌಕಾಸಿಯಲ್ಲಿ ತೀರ್ಮಾನವಾಗುತ್ತದೆ. ಅದರ ಜೊತೆಗೆ ಸೆನ್ಸಾರ್ ಸರ್ಟಿಫಿಕೇಟು, ಪ್ರಾಣಿಗಳಿಗೆ ಹಿಂಸೆ ಮಾಡಿಲ್ಲ ಎಂಬ ಹೇಳಿಕೆ, ಕೃತಜ್ಞತೆಯ ಪಟ್ಟಿ. ಚಿತ್ರದಲ್ಲಿ ಬೀಡಿ–ಸಿಗರೇಟು ಇದ್ದರೆ 2012ರ ಅಕ್ಟೋಬರ್‌ನಿಂದ ಜಾರಿಯಾದ ನಿಯಮದಂತೆ ಕನಿಷ್ಠ 30 ಸೆಕೆಂಡಿನ ತಂಬಾಕು ವಿರೋಧಿ ಜಾಹೀರಾತು, ಅದರ ಮೇಲೆ 20 ಸೆಕೆಂಡಿನ ಎಚ್ಚರಿಕೆ. ಎಚ್ಚರಿಕೆಯ ಬಗ್ಗೆ ನನ್ನ ತಕರಾರಿಲ್ಲ. ಲೋಗೋಗಳ ಬಗ್ಗೆ ಇದೆ. ಒಬ್ಬೊಬ್ಬರೂ ಕಲ್ಲು ಸಿಡಿಯುವುದು, ಬೆಂಕಿ ಹಾರುವುದು, ಬಂಗಾರ ಕರಗಿ ಅಕ್ಷರವಾಗುವುದು ಎಂದು ಹದಿನೈದು ಸೆಕೆಂಡು ತಿಂದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಎಲ್ಲರದೂ ಒಂದೇ ಥರದ ಗುಡುಗು. ಜೆಮಿನಿ ಹುಡುಗರ ಕಹಳೆಯನ್ನು ನೀವು ಪತ್ರದಲ್ಲಿ ಅಕ್ಷರದಲ್ಲೇ ಊದಿ ತೋರಿಸಿದ್ದೀರಿ. ನಿಮ್ಮ ಮೊಮ್ಮಗನಿಗೆ ಆ ದಿನ ನೋಡಿದ ಲೋಗೋಗಳಲ್ಲಿ ಒಂದರ ಸದ್ದನ್ನಾದರೂ ಬಾಯಲ್ಲಿ ಮಾಡಲು ಹೇಳಿ ನೋಡಿ.

ಪತ್ರದ ಅಂಚಿನಲ್ಲಿ ಪೆನ್ಸಿಲಿನಿಂದ ಇನ್ನೊಂದು ಪ್ರಶ್ನೆ ಗೀಚಿದ್ದೀರಿ. ಕೆಲವು ಸೆನ್ಸಾರ್ ಸರ್ಟಿಫಿಕೇಟಿನ ಎಡಗಡೆ ಕೆಳಮೂಲೆಯಲ್ಲಿ ಒಂದು ತ್ರಿಕೋನ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ, ಅದೇನು ಎಂದು. ತ್ರಿಕೋನ ಇದ್ದರೆ ಮಂಡಳಿ ಆ ಚಿತ್ರಕ್ಕೆ ಕತ್ತರಿ ಹಾಕಿದೆ ಎಂದರ್ಥ. ಯಾವ ದೃಶ್ಯ, ಎಷ್ಟು ಉದ್ದ ಎಂಬ ವಿವರ ಸರ್ಟಿಫಿಕೇಟಿನ ಎರಡನೇ ಭಾಗದಲ್ಲಿ ಇರುತ್ತದೆ. ಹಳೆಯ ಸರ್ಟಿಫಿಕೇಟಿನಲ್ಲಿ ಚಿತ್ರದ ಉದ್ದ ಮೀಟರಿನಲ್ಲಿದೆಯಲ್ಲ, ಅದನ್ನು ಗಂಟೆಗೆ ತಿರುಗಿಸುವುದೂ ಸುಲಭ. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. 4000 ಮೀಟರ್ ಎಂದು ಬರೆದಿದ್ದರೆ 146 ನಿಮಿಷ, ಎರಡು ಗಂಟೆ ಇಪ್ಪತ್ತಾರು ನಿಮಿಷದ ಚಿತ್ರ. ಇಂಟರ್‌ವಲ್ ಹಿಡಿದು ಕೊನೆಯ ಬಸ್ಸು ಸಿಗುತ್ತದೋ ಇಲ್ಲವೋ ಎಂದು ಕುರ್ಚಿಯಲ್ಲಿ ಕೂತೇ ಲೆಕ್ಕ ಹಾಕಬಹುದಿತ್ತು.

— ಸಂಪಾದಕ